ಒಂದೇ ಫೋಟೋವನ್ನು ಎರಡು ಅಂತ ತೋರಿಸಿ ಅಳಿಸಿಹಾಕಿದ ನಿಮ್ಮ ಆಪ್ ಬಗ್ಗೆ ದೂರು

ಗ್ರಾಹಕ ಸೇವೆಯವರಿಗೆ ನಮಸ್ಕಾರ,

ನಿಮ್ಮ ಫೋಟೋ ಆಪ್‌ಗೆ ಮೂರು ವರ್ಷದಿಂದ ದುಡ್ಡು ಕಟ್ಟಿ ಬಳಸುತ್ತಿದ್ದೇನೆ. ಕಳೆದ ಭಾನುವಾರ ಅದರಲ್ಲಿ ಡೂಪ್ಲಿಕೇಟ್ ಹುಡುಕಲು ಹೋಗಿ 1,846 ಫೋಟೋ ಕಳೆದುಕೊಂಡೆ. ಚಾಟ್‌ನಲ್ಲಿ ಸಿಕ್ಕ ನಿಮ್ಮವರು "ಕನ್ಫರ್ಮ್ ಮಾಡಿದ್ದು ನೀವೇ ಅಲ್ವಾ ಸರ್" ಅಂತ ಹೇಳಿ ಟಿಕೆಟ್ ಮುಚ್ಚಿಬಿಟ್ಟರು. ಹೌದು, ಒತ್ತಿದ್ದು ನಾನೇ. ಆದರೆ ಒತ್ತಿದರೆ ಏನಾಗುತ್ತದೆ ಅಂತ ನಿಮ್ಮ ಆಪ್ ಹೇಳಿದ್ದೇ ತಪ್ಪು. ಅದಕ್ಕೇ ಈ ಪತ್ರ.

ನಮ್ಮ ಮನೆಯ ಫೋಟೋಗಳೆಲ್ಲ ರೂಟರ್ ಪಕ್ಕದ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿಯಲ್ಲಿವೆ. ಮೊದಲು ಆ ಫೋಲ್ಡರನ್ನು ವಿಂಡೋಸ್‌ನಲ್ಲಿ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿ, ಅಂದರೆ ಕಂಪ್ಯೂಟರಿನದೇ ಒಂದು ಡ್ರೈವ್ ಹಾಗೆ ಕಾಣುವಂತೆ ಮಾಡಿ, ನಿಮ್ಮ ಲೈಬ್ರರಿಗೆ ಸೇರಿಸಿದ್ದೆ. ಹೋದ ತಿಂಗಳು ಝಡ್ ಕನೆಕ್ಟ್ ಆಗದೆ ಸತಾಯಿಸಿತು. ಸರಿ ಅಂತ ಡಬ್ಬಿಯ ನೇರ ವಿಳಾಸ ಕೊಟ್ಟು ಅದೇ ಫೋಲ್ಡರನ್ನು ಇನ್ನೊಂದು ಸಲ ಸೇರಿಸಿದೆ. ಎರಡು ದಿನದಲ್ಲಿ ಝಡ್ ತಾನಾಗೇ ಸರಿಯಾಯಿತು, ಎರಡು ಸಲ ಸೇರಿಸಿದ್ದನ್ನು ನಾನು ಮರೆತೂಬಿಟ್ಟೆ. ಅಲ್ಲಿಂದ ಲೈಬ್ರರಿಯಲ್ಲಿ ಪ್ರತಿ ಫೋಟೋವೂ ಎರಡೆರಡು ಕಾಣಿಸತೊಡಗಿತು.

ಅವು ಎರಡು ಫೋಟೋ ಅಲ್ಲ. ಒಂದೇ ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಇದ್ದ ಹಾಗೆ, ಒಂದೇ ಫೈಲಿಗೆ ಎರಡು ದಾರಿ. ನಿಮ್ಮ ಆಪ್ ದಾರಿಯ ಹೆಸರನ್ನು ಮಾತ್ರ ನೋಡಿ "ಡೂಪ್ಲಿಕೇಟ್, ಒಂದು ಪ್ರತಿ ಉಳಿಯುತ್ತದೆ" ಅಂತ ಬರೆದು ತೋರಿಸಿತು. ನಾನು ನಂಬಿದೆ. 2021 ಮತ್ತು 2022ರ ಫೋಲ್ಡರ್‌ಗಳನ್ನು ಹಿಡಿದು ಒಂದು ಪ್ರತಿ ಅಳಿಸಿದೆ, ಇನ್ನೊಂದೂ ಅದರ ಜೊತೆಗೇ ಹೋಯಿತು. ನೂರಾರು ಫೈಲಿನಲ್ಲಿ ಹೆಸರು, ಸೈಜು, ಡಬ್ಬಿ, ತೆಗೆದ ಸಮಯ ಎಲ್ಲವೂ ಸೆಕೆಂಡೂ ಬಿಡದೆ ಒಂದೇ ಇದ್ದಾಗ, ಒಂದು ಸಲ "ಇದೇ ಫೋಲ್ಡರ್ ಎರಡು ಸಲ ಸೇರಿರಬಹುದು, ನೋಡಿಕೊಳ್ಳಿ" ಅಂತ ಹೇಳಲು ಅಷ್ಟು ಕಷ್ಟವೇ?

ಇನ್ನೂ ಒಂದು ವಿಷಯ ಇದೆ. ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿರುವ ಫೋಟೋಗೆ ನಿಮ್ಮ ಡಿಲೀಟ್ ಬಟನ್ ಒತ್ತಿದರೆ ಅದು ರೀಸೈಕಲ್ ಬಿನ್‌ಗೆ ಹೋಗುತ್ತದೆ. ತಪ್ಪಾದರೆ ವಾಪಸ್ ತರಬಹುದು. ನೆಟ್‌ವರ್ಕ್ ಡ್ರೈವಿನಲ್ಲಿರುವುದಕ್ಕೆ ಒತ್ತಿದರೆ ಬಿನ್ ಇಲ್ಲ, ಏನೂ ಇಲ್ಲ, ನೇರವಾಗಿ ಹೋಯಿತು. ಬಟನ್ ಅದೇ, ಬಣ್ಣ ಅದೇ, ಬರೆದ ಮಾತೂ ಅದೇ. ವಿಂಡೋಸ್‌ನ ಫೋಲ್ಡರಿನಲ್ಲೇ ನಿಂತು ಅಳಿಸಿದ್ದರೆ ಶಾಶ್ವತವಾಗಿ ಅಳಿಸಬೇಕೇ ಅಂತ ಅದು ಕೇಳುತ್ತದೆ. ನೀವು ಆ ಒಂದು ಸಾಲನ್ನೂ ಹಾಕಿಲ್ಲ. ಡಬ್ಬಿಯಲ್ಲೂ ತನ್ನದೇ ಬಿನ್ ಇತ್ತು, ಅದನ್ನು ನಾನು ಆನ್ ಮಾಡಿರಲಿಲ್ಲ, ಆ ತಪ್ಪು ನನ್ನದು. ಡಬ್ಬಿಯೊಳಗೆ ಒಂದರಲ್ಲಿರುವುದನ್ನೇ ಇನ್ನೊಂದರಲ್ಲೂ ಇಡುವ ಎರಡು ಡಿಸ್ಕ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಅದು ಒಂದು ಡಿಸ್ಕ್ ಕೆಟ್ಟರೆ ಕಾಯುತ್ತದೆಯೇ ಹೊರತು ಅಳಿಸಿದ್ದನ್ನು ಕಾಯುವುದಿಲ್ಲ, ಒಂದರಲ್ಲಿ ಹೋದರೆ ಅದೇ ಕ್ಷಣ ಇನ್ನೊಂದರಲ್ಲೂ ಹೋಗುತ್ತದೆ. ಬೇರೆ ಹಾರ್ಡ್ ಡಿಸ್ಕಿನಲ್ಲಿ ಬ್ಯಾಕಪ್ ಇರುವುದು 2020ರವರೆಗೆ ಮಾತ್ರ.

ಹೋದದ್ದರಲ್ಲಿ 2021ರ ದೀಪಾವಳಿ ಇದೆ. ನೀರು ತುಂಬುವ ಹಬ್ಬದ ದಿನ ಅಜ್ಜಿ ಬಚ್ಚಲಲ್ಲಿ ಕೂತು ಹಂಡೆಗೆ ಹಿಂಡಲೆಕಾಯಿ ಬಳ್ಳಿ ಸುತ್ತುತ್ತಿರುವ ಫೋಟೋ, ಕೈಯಲ್ಲಿ ಸುಣ್ಣ ಹಾಗೇ ಹತ್ತಿಕೊಂಡಿದೆ. ಅದೇ ಅವರ ಕೊನೆಯ ಹಬ್ಬ. ಚಿಕ್ಕಮ್ಮನ ವಾಟ್ಸಾಪ್‌ನಲ್ಲಿ ಹುಡುಕಿದಾಗ ನಾಲ್ಕು ಸಿಕ್ಕವು, ಸಣ್ಣದಾಗಿ, ಮಸುಕಾಗಿ. ಹಂಡೆಯದು ಸಿಗಲಿಲ್ಲ.

ಆದರೆ ಭಾನುವಾರ ಅಳಿಸಿದ ಮೇಲೂ ನಿಮ್ಮ ಆಪ್‌ನಲ್ಲಿ ಅದು ಕಾಣುತ್ತಿತ್ತು! ಝಡ್ ದಾರಿಯ ಪ್ರತಿ ಲೈಬ್ರರಿಯಲ್ಲಿ ಹಾಗೇ ಇತ್ತು, ಮೂಲೆಯಲ್ಲಿ ಆಶ್ಚರ್ಯಚಿಹ್ನೆ, ಒತ್ತಿದರೆ "ಮೂಲ ಫೈಲ್ ಸಿಗುತ್ತಿಲ್ಲ" ಅನ್ನುತ್ತಿತ್ತು. ಅಂದರೆ ಪ್ರಿವ್ಯೂ, ಲೈಬ್ರರಿಯಲ್ಲಿ ತೋರಿಸಲು ಆಪ್ ಮಾಡಿಟ್ಟುಕೊಂಡ ಚಿತ್ರ, ನನ್ನ ಕಂಪ್ಯೂಟರಿನಲ್ಲಿ ಎಲ್ಲೋ ಉಳಿದಿದೆ ಅಂತ ಅರ್ಥ ಅಲ್ವಾ? ಅದು ಯಾವ ಫೋಲ್ಡರಿನಲ್ಲಿದೆ, ಎಷ್ಟು ದೊಡ್ಡದು, ಹೊರಗೆ ತೆಗೆಯುವುದು ಹೇಗೆ ಅಂತ ಗೊತ್ತಿರುವವರಿಂದ ಉತ್ತರ ಬರೆಸಿ. ಚಾಟ್‌ನವರ ಸಿದ್ಧ ಉತ್ತರ ಬೇಡ. ಮುಂದಿನ ಅಪ್‌ಡೇಟ್‌ನಲ್ಲಿ ನೆಟ್‌ವರ್ಕ್ ಡ್ರೈವಿಗೆ ಬೇರೆ ಎಚ್ಚರಿಕೆ ಹಾಕಿ, ಒಂದೇ ಫೈಲಿಗೆ ಎರಡು ದಾರಿ ಇದ್ದರೆ ಡೂಪ್ಲಿಕೇಟ್ ಅನ್ನಬೇಡಿ. ಲೈಬ್ರರಿಯಿಂದ ತೆಗೆಯುವುದು ಬೇರೆ, ಡಿಸ್ಕಿನಿಂದ ಅಳಿಸುವುದು ಬೇರೆ, ಎರಡಕ್ಕೂ ಬೇರೆ ಬಟನ್ ಇಡಿ.

ಸಿಗದ ಫೈಲುಗಳ ಪ್ರಿವ್ಯೂವನ್ನು 30 ದಿನದಲ್ಲಿ ಆಪ್ ತಾನೇ ತೆಗೆದುಹಾಕುತ್ತದೆ ಅಂತ ಸೆಟ್ಟಿಂಗ್ಸ್‌ನಲ್ಲಿ ಓದಿದೆ. ಇವತ್ತಿಗೆ ಆರು ದಿನ ಆಯಿತು. ಭಾನುವಾರ ರಾತ್ರಿಯಿಂದ ಡಬ್ಬಿ ಆಫ್ ಮಾಡಿಟ್ಟಿದ್ದೇನೆ, ಆ ಕಂಪ್ಯೂಟರಿನಲ್ಲಿ ಆಪ್ ತೆರೆದಿಲ್ಲ. ನೀವು ಹೇಳುವವರೆಗೆ ತೆರೆಯುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ, ಸಾಗರ