ನಾಯಿಗೆ ಹೊಟ್ಟೆ ಕೆಟ್ಟರೆ ಮಾತ್ರೆ ಆಮೇಲೆ, ವಸಡು ಮೊದಲು

ಸಂಪಾದಕರೇ,

ನಾಯಿಗೆ ವಾಂತಿ-ಭೇದಿ ಆದಾಗ ಮನೆಯಲ್ಲೇ ಏನು ಮಾಡಬಹುದು ಎಂದು ನಿಮ್ಮ ಸಾಕುಪ್ರಾಣಿ ಪುಟದಲ್ಲಿ ಬಂದ ಬರಹ ಓದಿದೆ. ಉಪವಾಸ, ಅನ್ನ, ಬೇಯಿಸಿದ ಕೋಳಿ ಎಲ್ಲ ಇತ್ತು. ತಪ್ಪೇನಿಲ್ಲ. ಆದರೆ ಇದನ್ನೆಲ್ಲ ಬಿಟ್ಟು ಯಾವಾಗ ಡಾಕ್ಟರ ಹತ್ತಿರ ಓಡಬೇಕು ಅನ್ನುವುದು ಕೊನೆಯಲ್ಲಿ ಒಂದೇ ಸಾಲಿಗೆ ಮುಗಿದಿತ್ತು: ‘ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ’. ನನ್ನ ತಕರಾರು ಆ ಸಾಲಿನ ಮೇಲೆ.

ನಾನು ಪಶುವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಸಹಾಯಕಿ. ಡಾಕ್ಟರಲ್ಲ. ಫೋನ್ ಎತ್ತುವುದು, ತೂಕ ನೋಡುವುದು, ಇಂಜೆಕ್ಷನ್ ಕೊಡುವಾಗ ನಾಯಿ ಹಿಡಿದುಕೊಳ್ಳುವುದು, ಆಮೇಲೆ ನೆಲ ಒರೆಸುವುದು ನನ್ನ ಕೆಲಸ. ಫೋನಿನಲ್ಲಿ ಜಾಸ್ತಿ ಬರುವ ಪ್ರಶ್ನೆ ಒಂದೇ. ‘ನಾಯಿಗೆ ಭೇದಿ ಆಗ್ತಿದೆ, ಏನು ಕೊಡಲಿ?’ ನಾನು ತಿರುಗಿ ಕೇಳುತ್ತೇನೆ. ವಯಸ್ಸೆಷ್ಟು? ಲಸಿಕೆ ಎಲ್ಲ ಆಗಿದೆಯಾ? ನೀರು ಕುಡಿಯಿತಾ, ಕುಡಿದದ್ದು ಒಳಗೆ ಉಳಿಯಿತಾ? ಉಚ್ಚೆ ಹೊಯ್ದಿದೆಯಾ? ಮನೆಯಲ್ಲಿ ಏನಾದರೂ ಕಾಣೆಯಾಗಿದೆಯಾ? ಕೆಲವರಿಗೆ ಸಿಟ್ಟು ಬರುತ್ತದೆ. ‘ಒಂದು ಮಾತ್ರೆ ಹೆಸರು ಹೇಳಮ್ಮಾ, ಸಾಕು’ ಅನ್ನುತ್ತಾರೆ. ಮಾತ್ರೆಯ ಹೆಸರು ನಾನು ಹೇಳುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವುದು ಅಂದರೆ ಮುಕ್ಕಾಲು ಪಾಲು ನೋಡುವುದೇ. ಕೊಡುವುದು ಸ್ವಲ್ಪ.

ವಯಸ್ಸು ಯಾಕೆ ಮೊದಲು ಕೇಳುತ್ತೇನೆ ಅಂದರೆ, ಮರಿಯ ಲೆಕ್ಕವೇ ಬೇರೆ. ಲಸಿಕೆ ಪೂರ್ತಿಯಾಗದ ಮರಿ ಮಂಕಾಗಿ ಮಲಗಿದೆ, ವಾಂತಿ ಮಾಡುತ್ತಿದೆ, ಆಮೇಲೆ ದುರ್ವಾಸನೆಯ ರಕ್ತಭೇದಿ ಶುರುವಾಯಿತು ಅಂದರೆ ನಮಗೆ ಮೊದಲು ನೆನಪಾಗುವುದು ಪಾರ್ವೋ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ವೈರಸ್ ಇದು. ಕರುಳಿನ ಒಳಪದರ, ಮೂಳೆಯ ಮಜ್ಜೆ, ಹೀಗೆ ಜೀವಕೋಶಗಳು ಬೇಗ ಬೇಗ ಹುಟ್ಟುವ ಜಾಗಗಳಿಗೇ ನುಗ್ಗುತ್ತದೆ. ಕರುಳಿನ ಪದರ ಕಿತ್ತುಬರುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ಇದಕ್ಕೆ ಅನ್ನ-ಕೋಳಿ ಏನು ಮಾಡೀತು? ಡ್ರಿಪ್ ಬೇಕು, ಅದೂ ಬೇಗ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ‘ನಮ್ಮ ಮರಿ ಬೇರೆ ನಾಯಿಯ ಹತ್ತಿರವೇ ಹೋಗಿಲ್ಲ’ ಅನ್ನುವುದು ಸಮಾಧಾನದ ಮಾತಲ್ಲ. ನಿಮ್ಮ ಚಪ್ಪಲಿ ಹೊರಗೆ ಹೋಗಿ ಬಂದಿದೆ ಅಲ್ವಾ? ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಕೆಲವು ವಾರಕ್ಕೊಮ್ಮೆ, 16 ವಾರ ತುಂಬುವ ತನಕ ನಡೆಯಬೇಕು. ಒಂದು ಹಾಕಿಸಿ ಬಿಟ್ಟರೆ ಆಗಲಿಲ್ಲ.

ನಿಮ್ಮ ಬರಹದಲ್ಲಿ ‘ಒಂದು ದಿನ ಉಪವಾಸ ಹಾಕಿ’ ಅಂತಿತ್ತು. ಮರಿಗೆ, ಪುಟಾಣಿ ತಳಿಗೆ ಇದು ಅಪಾಯ. ಅವುಗಳ ಮೈಯಲ್ಲಿ ದಾಸ್ತಾನು ಕಡಿಮೆ, ಸಕ್ಕರೆ ಅಂಶ ಸರ್ರನೆ ಇಳಿದು ಫಿಟ್ಸ್ ಬರಬಹುದು. ಗಟ್ಟಿಮುಟ್ಟಾದ ದೊಡ್ಡ ನಾಯಿ ಒಂದೇ ಸಮನೆ ವಾಂತಿ ಮಾಡುತ್ತಿದ್ದರೆ ಕೆಲವು ಗಂಟೆ, ಹೆಚ್ಚೆಂದರೆ 12 ಗಂಟೆ ಊಟ ನಿಲ್ಲಿಸಬಹುದು. ಬರೀ ಭೇದಿಯಾದರೆ ಈಗ ಅದನ್ನೂ ಅನೇಕ ಡಾಕ್ಟರುಗಳು ಬೇಡ ಅನ್ನುತ್ತಾರೆ. ಕರುಳಿನ ಜೀವಕೋಶಗಳಿಗೂ ಚೇತರಿಸಿಕೊಳ್ಳಲು ಆಹಾರ ಬೇಕು, ಸ್ವಲ್ಪ ಸ್ವಲ್ಪ ಕೊಡುವುದೇ ಒಳ್ಳೆಯದು ಅನ್ನುವುದು ಈಚಿನ ತಿಳಿವಳಿಕೆ.

ಈಗ ವಸಡಿನ ವಿಷಯ. ಇದನ್ನು ಎಲ್ಲರೂ ಕಲಿಯಲಿ ಅನ್ನುವುದು ನನ್ನ ಆಸೆ. ನಾಯಿ ಆರೋಗ್ಯವಾಗಿದ್ದಾಗಲೇ ಮೇಲ್ದುಟಿ ಎತ್ತಿ ನೋಡಿ. ಕೋರೆಹಲ್ಲಿನ ಮೇಲೆ ವಸಡು ನಸುಗೆಂಪಾಗಿ, ಒದ್ದೆಯಾಗಿ, ನುಣ್ಣಗೆ ಇರುತ್ತದೆ. ಅಲ್ಲಿ ಬೆರಳಿಟ್ಟು ಒತ್ತಿ. ಬೆಳ್ಳಗಾಗುತ್ತದೆ. ಬಿಟ್ಟ ತಕ್ಷಣ ಬಣ್ಣ ವಾಪಸು ಬರಬೇಕು, ಎರಡು ಸೆಕೆಂಡಿನ ಒಳಗೆ. ಅದಕ್ಕಿಂತ ತಡವಾದರೆ ರಕ್ತ ಸರಿಯಾಗಿ ಓಡುತ್ತಿಲ್ಲ ಎಂದರ್ಥ. ಬೆರಳು ಜಾರದೆ ವಸಡಿಗೆ ಅಂಟಿಕೊಂಡರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟಾಗ ಅದು ನಿಧಾನಕ್ಕೆ ಕೆಳಗಿಳಿದರೂ ಅದೇ ಸೂಚನೆ. ಆದರೆ ಮುದಿ ನಾಯಿ, ಬಡಕಲು ನಾಯಿಯ ಚರ್ಮ ಹೇಗಿದ್ದರೂ ಸಡಿಲ, ಹಾಗಾಗಿ ನಾನು ಚರ್ಮಕ್ಕಿಂತ ವಸಡನ್ನೇ ನಂಬುತ್ತೇನೆ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳಲ್ಲಿ ಕೆಳರೆಪ್ಪೆಯ ಒಳಭಾಗ ನೋಡಬೇಕು. ಆರೋಗ್ಯದಲ್ಲಿ ಹೇಗಿತ್ತು ಅಂತ ಗೊತ್ತಿದ್ದರೆ ತಾನೇ ಕೆಟ್ಟಾಗ ಗೊತ್ತಾಗುವುದು? ವಸಡು ಬಿಳಿಚಿಕೊಂಡಿದ್ದರೆ, ನೀಲಿ ತಿರುಗಿದ್ದರೆ ಫೋನ್ ಮಾಡುತ್ತಾ ಕೂರಬೇಡಿ. ದಾರಿಯಲ್ಲಿ ಮಾಡಿ.

ಇನ್ನೊಂದು ಸಂಗತಿ, ವಾಂತಿ ಬರದ ವಾಂತಿ. ನಾಯಿ ಓಕರಿಸುತ್ತದೆ, ಏನೂ ಬರುವುದಿಲ್ಲ, ಬಂದರೆ ಒಂಚೂರು ನೊರೆ. ಜೊಲ್ಲು ಸುರಿಸುತ್ತದೆ. ಒಂದು ಕಡೆ ಕೂರುವುದಿಲ್ಲ, ನಿಲ್ಲುವುದಿಲ್ಲ. ಹೊಟ್ಟೆ ಉಬ್ಬಿ ಬಿಗಿಯಾಗಿರುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳ ಎದೆಯ ದೊಡ್ಡ ನಾಯಿಗಳಲ್ಲಿ ಇದು ಜಾಸ್ತಿ. ಜಠರ ಗಾಳಿ ತುಂಬಿಕೊಂಡು ತಿರುಚಿಕೊಂಡಿರುತ್ತದೆ. ಜಠರಕ್ಕೆ ರಕ್ತ ಹೋಗುವುದಿಲ್ಲ, ಹೃದಯಕ್ಕೂ ಸರಿಯಾಗಿ ಮರಳುವುದಿಲ್ಲ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು, ಆಪರೇಷನ್ ಬಿಟ್ಟರೆ ದಾರಿಯಿಲ್ಲ. ‘ಕಡಿಮೆಯಾಗದಿದ್ದರೆ’ ಅಂತ ಬೆಳಗಿನ ತನಕ ಕಾದವರನ್ನು ನಾನು ನೋಡಿದ್ದೇನೆ. ಆ ಸಾಲಿನ ಮೇಲೆ ನನಗೆ ಸಿಟ್ಟು ಇದಕ್ಕೇ.

ಹಾಗಂತ ಎಲ್ಲಕ್ಕೂ ಗಾಬರಿ ಬೇಡ. ನಮ್ಮ ಮನೆಯ ಮುದುಕ ಕರಿಯ ಬೆಳಿಗ್ಗೆ ಎದ್ದವನೇ ಹಳದಿ ನೊರೆ ಕಕ್ಕುತ್ತಿದ್ದ, ಆಮೇಲೆ ಏನೂ ಆಗಿಲ್ಲವೆಂಬಂತೆ ಬಾಲ ಆಡಿಸುತ್ತಿದ್ದ. ರಾತ್ರಿಯಿಡೀ ಹೊಟ್ಟೆ ಖಾಲಿ ಇದ್ದರೆ ಪಿತ್ತರಸ ಜಠರಕ್ಕೆ ಹಿಮ್ಮರಳಿ ಕೆರಳಿಸುತ್ತದೆಯಂತೆ. ಮಲಗುವ ಮುಂಚೆ ಒಂದು ಹಿಡಿ ಊಟ ಕೊಡಿ ಅಂದರು ಡಾಕ್ಟರು. ನಿಂತುಹೋಯಿತು. ಹುಲ್ಲು ತಿನ್ನುವುದಕ್ಕೂ ಜನ ತುಂಬಾ ಹೆದರುತ್ತಾರೆ. ಹುಲ್ಲು ಮೇಯುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ, ಸುಮ್ನೆ ತಿನ್ನುತ್ತವೆ. ಔಷಧಿ ಸಿಂಪಡಿಸಿದ ಹುಲ್ಲು ಆಗಿರದಿದ್ದರೆ ಸಾಕು.

ನಾಯಿ ಚುರುಕಾಗಿದೆ, ಲಸಿಕೆ ಆಗಿದೆ, ನೀರು ಉಳಿಯುತ್ತಿದೆ, ವಸಡು ಸರಿಯಾಗಿದೆ, ಬರೀ ಮಲ ತೆಳ್ಳಗಾಗಿದೆ ಅಂದರೆ ಮನೆಯಲ್ಲೇ ನೋಡಿಕೊಳ್ಳಬಹುದು. ನೀರು ಯಾವಾಗಲೂ ಸಿಗುವ ಹಾಗಿರಲಿ. ಗಟಗಟ ಕುಡಿದು ಕಕ್ಕುತ್ತಿದ್ದರೆ ಮಾತ್ರ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಪದೇ ಪದೇ ಹಾಕಿ. ಊಟಕ್ಕೆ ಎರಡು ಪಾಲು ಮೆತ್ತಗೆ ಬೆಂದ ಅನ್ನ, ಒಂದು ಪಾಲು ಚರ್ಮ-ಮೂಳೆ ತೆಗೆದು ಬೇಯಿಸಿದ ಕೋಳಿ ಮಾಂಸ. ಎಣ್ಣೆ, ಉಪ್ಪು, ಮಸಾಲೆ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಬೇಡವೇ ಬೇಡ, ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಮನೆಮಂದಿಗೆ ಮಾಡಿದ ಸಾರಿನಿಂದ ಎತ್ತಿ ತೊಳೆದ ಮಾಂಸ ಇದಲ್ಲ. ಒಂದೇ ಸಲ ಬಟ್ಟಲು ತುಂಬಿಸದೆ ನಾಲ್ಕಾರು ಸಲ ಕೊಡಿ. ಹಾಲು ಬೇಡ, ಭೇದಿ ಇನ್ನೂ ಹೆಚ್ಚಬಹುದು. ಮಲ ಗಟ್ಟಿಯಾದ ಮೇಲೆ ಹಳೆಯ ಊಟವನ್ನು ಮೂರರಿಂದ ಐದು ದಿನದಲ್ಲಿ ನಿಧಾನಕ್ಕೆ ಬೆರೆಸುತ್ತಾ ತನ್ನಿ. ಎರಡು ದಿನವಾದರೂ ಸುಧಾರಿಸಲಿಲ್ಲವೆಂದರೆ ಡಾಕ್ಟರು. ಅನ್ನ-ಕೋಳಿಯನ್ನೇ ವಾರಗಟ್ಟಲೆ ಮುಂದುವರಿಸುವವರೂ ಇದ್ದಾರೆ. ಅದರಲ್ಲಿ ಕ್ಯಾಲ್ಸಿಯಂನಂಥ ಪೋಷಕಾಂಶಗಳು ಸಾಲುವುದಿಲ್ಲ, ದಿನನಿತ್ಯದ ಊಟ ಅಲ್ಲ ಅದು.

ಮಲ ನೋಡುವುದಕ್ಕೆ ನಾಚಿಕೆ ಬೇಡ. ಕೆಂಪಗಿನ ಹಸಿ ರಕ್ತವೋ ಲೋಳೆಯೋ ಇದ್ದು, ತಿಣುಕಿ ತಿಣುಕಿ ಸ್ವಲ್ಪವೇ ಹೋಗುತ್ತಿದ್ದರೆ ತೊಂದರೆ ಬಹುತೇಕ ದೊಡ್ಡ ಕರುಳಿನದು. ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿದ್ದರೆ ಅದು ಮೇಲೆಲ್ಲೋ, ಜಠರದಲ್ಲೋ ಸಣ್ಣ ಕರುಳಿನಲ್ಲೋ ಸೋರಿ ಜೀರ್ಣವಾದ ರಕ್ತ. ಎರಡಕ್ಕೂ ಡಾಕ್ಟರ ಹತ್ತಿರ ಹೋಗಲೇಬೇಕು, ಕಪ್ಪಗಿದ್ದರೆ ಅವತ್ತೇ. ಬರುವಾಗ ಮೊಬೈಲಿನಲ್ಲಿ ಒಂದು ಫೋಟೋ, ಸಣ್ಣ ಡಬ್ಬಿಯಲ್ಲಿ ಹೊಸದಾಗಿ ಹಾಕಿದ ಮಲ ತನ್ನಿ. ನಮಗೇನೂ ಅಸಹ್ಯವಿಲ್ಲ. ಜಂತು, ಜಿಯಾರ್ಡಿಯಾ ಎಂಬ ಕರುಳಿನ ಸೂಕ್ಷ್ಮ ಪರಜೀವಿ ಇದೆಯಾ ಅಂತ ಅದರಲ್ಲೇ ನೋಡುವುದು. ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಮನುಷ್ಯರಿಗೂ ಅಂಟುತ್ತವೆ.

ಮನೆಯ ಔಷಧಿ ಡಬ್ಬಿಯ ಬಗ್ಗೆ ನಿಮ್ಮ ಬರಹ ಏನೂ ಹೇಳಲಿಲ್ಲ. ಹೇಳಬೇಕಿತ್ತು. ಮೈ ಬಿಸಿ ಅನ್ನಿಸಿತು ಅಂತ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಟ್ಟು ಕರೆತರುತ್ತಾರೆ. ನಾಯಿಯ ಮೈ ಯಾವಾಗಲೂ ನಮಗಿಂತ ಬಿಸಿಯೇ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಐಬುಪ್ರೊಫೆನ್ ಜಠರದಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಸಿಟಮಾಲ್ ಲಿವರಿಗೆ ಹೊಡೆತ. ಭೇದಿ ನಿಲ್ಲಿಸುವ ಲೋಪೆರಮೈಡ್ ಕಥೆ ಇನ್ನೂ ಬೇರೆ. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಲ್ಟಿಯಂಥ ಕುರಿ ಕಾಯುವ ತಳಿಗಳಲ್ಲಿ ಅನೇಕ ನಾಯಿಗಳಿಗೆ ಎಂಡಿಆರ್1 ಎಂಬ ಜೀನಿನಲ್ಲಿ ದೋಷ ಇರುತ್ತದೆ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 2001ರಲ್ಲಿ ಇದನ್ನು ಕಂಡುಹಿಡಿದರು. ಮಿದುಳಿಗೆ ಇಂಥ ಔಷಧಿ ನುಗ್ಗದಂತೆ ಹೊರಕ್ಕೆ ತಳ್ಳುವ ವ್ಯವಸ್ಥೆ ಆ ನಾಯಿಗಳಲ್ಲಿ ಕೆಲಸ ಮಾಡುವುದಿಲ್ಲ. ತೂರಾಡುತ್ತವೆ, ಪ್ರಜ್ಞೆ ತಪ್ಪುತ್ತವೆ. ಮಿಶ್ರ ತಳಿಯಾದರೆ ಯಾವ ರಕ್ತ ಬೆರೆತಿದೆಯೋ ಯಾರಿಗೆ ಗೊತ್ತು?

ಕ್ಲಿನಿಕ್ಕಿಗೆ ಬಂದವರಲ್ಲಿ ಕೆಲವರು ಆಂಟಿಬಯೋಟಿಕ್ ಬರೆದುಕೊಡಿ ಅಂತ ಪಟ್ಟು ಹಿಡಿಯುತ್ತಾರೆ. ನಾಯಿ ಚೆನ್ನಾಗಿದ್ದು ಸಾಧಾರಣ ಭೇದಿ ಇದ್ದರೆ ಅದು ಬೇಡ ಅಂತ 2024ರಲ್ಲಿ ಯುರೋಪಿನ ಪಶುವೈದ್ಯಕೀಯ ತಜ್ಞರ ಮಾರ್ಗಸೂಚಿಯೇ ಬಂದಿದೆ. ಹೆಚ್ಚಿನವು ಕೆಲವು ದಿನಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಡಾಕ್ಟರು ಬರೆದುಕೊಡಲಿಲ್ಲ ಅಂದರೆ ಉದಾಸೀನ ಮಾಡಿದರು ಅಂತಲ್ಲ.

ಏನಾದರೂ ಕಾಣೆಯಾಗಿದೆಯಾ ಅಂತ ಕೇಳುವುದಕ್ಕೂ ಕಾರಣವಿದೆ. ಕಾಲುಚೀಲ, ಚೆಂಡಿನ ಚೂರು, ಹಣ್ಣಿನ ಓಟೆ, ಎಲ್ಲ ನುಂಗುತ್ತವೆ. ತಿಂದದ್ದೆಲ್ಲ ವಾಂತಿ, ಮಲವೂ ಇಲ್ಲ ಅಂದರೆ ಕರುಳು ಕಟ್ಟಿಕೊಂಡಿರಬಹುದು. ಗುದದಲ್ಲಿ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಒಳಗಿನ ತುದಿ ಎಲ್ಲೋ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳೇ ಸೀಳುತ್ತದೆ. ಚಾಕೊಲೇಟ್, ದ್ರಾಕ್ಷಿ, ಇಲಿ ಪಾಷಾಣ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಶುಗರ್-ಫ್ರೀ ತಿನಿಸು ತಿಂದಿದೆ ಅನ್ನುವ ಅನುಮಾನ ಇದ್ದರೆ ವಾಂತಿಗಾಗಿ ಕಾಯುವುದೂ ಬೇಡ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಆ ಉಪ್ಪೇ ರಕ್ತದಲ್ಲಿ ಸೋಡಿಯಂ ಏರಿಸಿ ಮಿದುಳಿಗೆ ಕುತ್ತು ತರುತ್ತದೆ. ಪ್ಯಾಕೆಟ್ ಉಳಿದಿದ್ದರೆ ಅದನ್ನೂ ಹಿಡಿದುಕೊಂಡು ಬನ್ನಿ.

ಆ ಬರಹಕ್ಕೆ ಒಂದು ಪುಟ್ಟ ಬಾಕ್ಸ್ ಸೇರಿಸಿ ಮತ್ತೊಮ್ಮೆ ಪ್ರಕಟಿಸಿ ಎಂದು ನನ್ನ ಕೋರಿಕೆ. ಮರಿ, ರಕ್ತ, ಬಿಳಿಚಿದ ವಸಡು, ಉಬ್ಬಿದ ಹೊಟ್ಟೆ, ಉಳಿಯದ ನೀರು, ನುಂಗಿದ ವಿಷ, ಇಷ್ಟನ್ನು ಪಾಕವಿಧಾನದ ಕೆಳಗಲ್ಲ, ಮೇಲೆ ಹಾಕಿ. ಜಾಗ ಸಾಲದಿದ್ದರೆ ಉಪವಾಸದ ಪ್ಯಾರಾ ತೆಗೆಯಬಹುದು.

– ಪಶು ಚಿಕಿತ್ಸಾಲಯವೊಂದರ ಸಹಾಯಕಿ