ಮಾಲ್ಟಾದವರು, ಚಿಪ್ಪೆವಾಗಳು ಮತ್ತು ಅಡಮಾನದ ಪ್ರಶ್ನೆ: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜುನಾಥ,

ನಿನ್ನ ಕಾಗದ ಬಂತು. ಸೊಸೈಟಿಯ ಆಡಿಟ್ ಗಲಾಟೆ ಮುಗಿದು ನಿನಗೆ ಅಮೆರಿಕದ ಬಗ್ಗೆ ಯೋಚಿಸಲು ಪುರಸೊತ್ತು ಸಿಕ್ಕಿತಲ್ಲ, ಸಂತೋಷ. ನಿನ್ನ ಪ್ರಶ್ನೆ ಓದಿ ಮೊದಲು ಸ್ವಲ್ಪ ಸಿಟ್ಟು ಬಂತು, ಆಮೇಲೆ ಉತ್ತರ ಬರೆಯಲೇಬೇಕು ಅನ್ನಿಸಿತು. ಮೆಡಿಟರೇನಿಯನ್ ಸಮುದ್ರದ ಚಿಕ್ಕ ದ್ವೀಪದಿಂದ ಬರಿಗೈಲಿ ಬಂದ ಮಾಲ್ಟಾದವರು ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ಮನೆಮಠ ಮಾಡಿಕೊಂಡರು, ತಲತಲಾಂತರದಿಂದ ಅಲ್ಲೇ ಇದ್ದ ಮೂಲನಿವಾಸಿಗಳಾದ ಚಿಪ್ಪೆವಾ ಜನ ಬಡವರಾಗಿ ಉಳಿದರು, ದುಡಿಯುವವರು ಮುಂದೆ ಬಂದರು ಅಷ್ಟೇ ಅಲ್ವಾ ಅಂತ ಕೇಳಿದ್ದೀಯ.

ಅಷ್ಟೇ ಅಲ್ಲ ಮಾರಾಯ. ದುಡಿಮೆಗೂ ಇದಕ್ಕೂ ಸಂಬಂಧವೇ ಕಡಿಮೆ.

ಮೊದಲು ಮಾಲ್ಟಾದವರ ಕಥೆ. ಆಗ ಆ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯ ಡಾಕ್‌ಯಾರ್ಡಿನಲ್ಲಿ ಸಾವಿರಾರು ಜನಕ್ಕೆ ಕೆಲಸ. ಯುದ್ಧ ಮುಗಿಯಿತು, ಕೆಲಸವೂ ಮುಗಿಯಿತು. ಬ್ರೆಡ್ಡಿನ ಬೆಲೆ ಏರಿತು. 1919ರ ಜೂನ್ 7ರಂದು ಜನ ಬೀದಿಗಿಳಿದಾಗ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು, ಸಾವು ಆದವು. ಆ ದಿನ ಈಗಲೂ ಅಲ್ಲಿ ರಾಷ್ಟ್ರೀಯ ದಿನ. ಇದಾದ ಮುಂದಿನ ವರ್ಷ ಅಮೆರಿಕಕ್ಕೆ ಹಡಗು ಹತ್ತಿದವರು ತುಂಬಾ ಜನ. ಅವರಲ್ಲಿ ಬಹಳಷ್ಟು ಮಂದಿ ಬಂದು ಸೇರಿದ್ದು ಡೆಟ್ರಾಯಿಟ್‌ಗೆ, ಮಿಶಿಗನ್ ಅವೆನ್ಯೂ ಪಕ್ಕದ ಕಾರ್ಕ್‌ಟೌನ್ ಅನ್ನುವ ಬಡಾವಣೆಗೆ.

ಅವರು ಬರಿಗೈಲಿ ಬಂದರು ಅನ್ನುತ್ತೀಯಲ್ಲ, ಕೈ ಪೂರ್ತಿ ಬರಿದಾಗಿರಲಿಲ್ಲ. ಹಡಗು ರಿಪೇರಿ ಮಾಡಿ ಪಳಗಿದ ಕೈ ಅದು. ಕಬ್ಬಿಣ ಕೊಯ್ಯುವುದು, ಯಂತ್ರ ಜೋಡಿಸುವುದು ಕೆಲವರಿಗೆ ಮೊದಲೇ ಗೊತ್ತಿತ್ತು. ಬ್ರಿಟಿಷರ ಕೈಕೆಳಗೆ ದುಡಿದು ಒಂದಷ್ಟು ಇಂಗ್ಲಿಷೂ ಬರುತ್ತಿತ್ತು. ಡೆಟ್ರಾಯಿಟ್‌ನಲ್ಲಿ ಕಾರು ಕಂಪನಿಯ ಹೆನ್ರಿ ಫೋರ್ಡ್ 1914ರಲ್ಲೇ ದಿನಕ್ಕೆ ಐದು ಡಾಲರ್ ಕೂಲಿ ಸಾರಿ ಆಗಿತ್ತು. ಇಂಥ ಕೈಗೆ ಇಂಥ ಊರು ಸಿಕ್ಕಿತು. ಒಂದೊಂದು ಬಾಡಿಗೆ ಮನೆಯಲ್ಲಿ ಹತ್ತಾರು ಗಂಡಸರು ಒಟ್ಟಿಗೆ ಇದ್ದು, ದುಡಿದದ್ದನ್ನು ಊರಿಗೆ ಕಳಿಸಿದರು. ಸೆಫಾಯ್ ಎಂಬ ಪಾದ್ರಿ 1920ರ ದಶಕದಲ್ಲಿ ಅವರಿಗಾಗಿ ಸೇಂಟ್ ಪಾಲ್ ಹೆಸರಿನ ಚರ್ಚ್ ಕಟ್ಟಿಸಿದರು. 1929ರಲ್ಲಿ ಶುರುವಾದ ಅವರ ಬೆನವೊಲೆಂಟ್ ಸೊಸೈಟಿ, ಅಂದರೆ ನೆರವಿನ ಸಂಘ, ಈಗಲೂ ಮಿಶಿಗನ್ ಅವೆನ್ಯೂದಲ್ಲಿದೆ. ಬಟಾಣಿಯೋ ರಿಕೋಟಾ ಚೀಸೋ ತುಂಬಿದ ಪಸ್ತಿಜ್ಜಿ ಅನ್ನುವ ಅವರ ತಿಂಡಿ ಒಮ್ಮೆ ತಿನ್ನಬೇಕು ನೀನು, ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಬೇಕರಿ ಪಫ್ಸ್ ಇದರ ಮುಂದೆ ಏನೂ ಅಲ್ಲ.

ಇಲ್ಲಿ ಒಂದು ಮಾತು ಮರೆಯಬೇಡ. ಒಗ್ಗದವರು ವಾಪಸ್ ಹೋದರು. ಮಾಲ್ಟಾದಿಂದ ಬಂದವರಲ್ಲಿ ಹಾಗೆ ಹಿಂದಿರುಗಿದವರು ಬಹಳ. 1921 ಮತ್ತು 1924ರ ವಲಸೆ ಕಾನೂನುಗಳು ಬಂದ ಮೇಲೆ ಬಾಗಿಲೂ ಹೆಚ್ಚು ಕಡಿಮೆ ಮುಚ್ಚಿತು. ಅಂದರೆ ಇವತ್ತು ಜನಗಣತಿಯಲ್ಲಿ ಮಾಲ್ಟಾ ಮೂಲ ಅಂತ ಬರೆಸುವ ಸುಮಾರು 40 ಸಾವಿರ ಜನ, ಸೋಸಿ ಉಳಿದವರ ಮಕ್ಕಳು ಮೊಮ್ಮಕ್ಕಳು. ನಮ್ಮ ಕಥೆಯೂ ಅದೇ. ಇಲ್ಲಿ ಅಮೆರಿಕದಲ್ಲಿರುವ ಭಾರತೀಯರ ಸರಾಸರಿ ವರಮಾನ ಎಲ್ಲರಿಗಿಂತ ಮೇಲಿದೆ ಅಂತ ನಮ್ಮವರು ಎದೆ ಉಬ್ಬಿಸುತ್ತಾರೆ. ಇಂಜಿನಿಯರ್, ಡಾಕ್ಟರ್‌ಗಳನ್ನೇ ಆರಿಸಿ ವೀಸಾ ಕೊಟ್ಟರೆ ಇನ್ನೇನಾಗುತ್ತದೆ? ಚಿಪ್ಪೆವಾಗಳನ್ನು ಯಾರೂ ಹಾಗೆ ಸೋಸಿಲ್ಲ. ಮುದುಕರು, ಕಾಯಿಲೆಯವರು, ಮಕ್ಕಳು ಎಲ್ಲ ಸೇರಿದ ಇಡೀ ಸಮಾಜ ಅದು. 2010ರ ಲೆಕ್ಕದಲ್ಲಿ ಸುಮಾರು 1 ಲಕ್ಷ 70 ಸಾವಿರ ಜನ. ಇವರಿಗೆ ಒಜಿಬ್ವೆ ಅಂತಲೂ ಹೆಸರಿದೆ.

ಈಗ ಅವರ ಕಡೆಯ ಲೆಕ್ಕ ತೆಗೆಯೋಣ. 1807ರಲ್ಲಿ ಡೆಟ್ರಾಯಿಟ್ ಒಪ್ಪಂದ ಆಯಿತು. ಚಿಪ್ಪೆವಾ ಸೇರಿ ನಾಲ್ಕು ಬುಡಕಟ್ಟುಗಳು ಆಗ್ನೇಯ ಮಿಶಿಗನ್‌ನ ದೊಡ್ಡ ಭಾಗ ಬಿಟ್ಟುಕೊಟ್ಟವು. ಕೈಗೆ ಬಂದದ್ದು ಹಣ, ಸಾಮಾನು ಎಲ್ಲ ಸೇರಿ 10 ಸಾವಿರ ಡಾಲರ್, ಜೊತೆಗೆ ವರ್ಷಕ್ಕೆ 2,400 ಡಾಲರ್ ಕೊಡುವ ಮಾತು. ಮುಂದೆ ಫೋರ್ಡ್ ಕಾರ್ಖಾನೆಗಳು ಎದ್ದದ್ದು ಈ ನೆಲದ ಮೇಲೆ. 1836ರಲ್ಲಿ ಉತ್ತರ ಮಿಶಿಗನ್ ಹೋಯಿತು, ಅದರ ಬಿಳಿ ಪೈನ್ ಮರಗಳಿಂದ ಈ ದೇಶದ ನಡುಭಾಗದ ಊರೂರೇ ಕಟ್ಟಿದರು. 1842ರಲ್ಲಿ ಕೀವಿನಾದ ತಾಮ್ರ ಹೋಯಿತು. ಮಾಲ್ಟಾದ ಹುಡುಗ ಐದು ಡಾಲರ್ ಎಣಿಸಿಕೊಂಡ ಊರಿನ ಬಂಡವಾಳ ಎಲ್ಲಿಂದ ಬಂತು ಅಂತ ನೋಡಿದರೆ, ಅದರಲ್ಲಿ ಒಂದು ಪಾಲು ಈ ಮರ ಮತ್ತು ತಾಮ್ರದ್ದು.

ಕೊಡುತ್ತೇವೆ ಅಂದದ್ದನ್ನೂ ನೆಟ್ಟಗೆ ಕೊಡಲಿಲ್ಲ. 1850ರಲ್ಲಿ ವಿಸ್ಕಾನ್ಸಿನ್ ಕಡೆಯ ಚಿಪ್ಪೆವಾಗಳಿಗೆ ವರ್ಷದ ಹಣ ಬೇಕಿದ್ದರೆ ಮಿನ್ನೆಸೋಟಾದ ಸ್ಯಾಂಡಿ ಲೇಕ್‌ಗೆ ಬನ್ನಿ ಅಂದರು. ಚಳಿಗಾಲ ಹತ್ತಿರ ಬಂದಿತ್ತು. ಜನ ವಾರಗಟ್ಟಲೆ ಕಾದರು. ಹಾಳಾದ ಆಹಾರ, ಭೇದಿ, ದಡಾರ, ಆಮೇಲೆ ಹಿಮದಲ್ಲಿ ನಡೆದು ವಾಪಸ್. ಸುಮಾರು 400 ಜನ ಸತ್ತರು. ಅವರನ್ನು ಪಶ್ಚಿಮಕ್ಕೆ ಸಾಗಿಸುವ ಹುನ್ನಾರ ಇದರ ಹಿಂದೆ ಇತ್ತು.

ಇನ್ನು ನಿನಗೆ ಚೆನ್ನಾಗಿ ಅರ್ಥವಾಗುವ ವಿಷಯಕ್ಕೆ ಬರುತ್ತೇನೆ. ರಿಸರ್ವೇಶನ್ ಅಂತ ಅವರಿಗೆ ಮೀಸಲಿಟ್ಟು ಉಳಿಸಿದ ಅಷ್ಟಿಷ್ಟು ನೆಲವನ್ನು ಮನೆ ಮನೆಗೆ ತುಂಡು ಮಾಡಿ ಹಂಚಿದರು. ಮಿಶಿಗನ್‌ನ ಇಸಬೆಲ್ಲಾ ರಿಸರ್ವೇಶನ್‌ನಲ್ಲಿ 1855 ಮತ್ತು 1864ರ ಒಪ್ಪಂದಗಳ ಪ್ರಕಾರ, ಮಿನ್ನೆಸೋಟಾದಲ್ಲಿ 1889ರ ನೆಲ್ಸನ್ ಕಾಯ್ದೆಯ ಪ್ರಕಾರ. ತುಂಡಾದ ನೆಲ ಮಾರಾಟಕ್ಕೆ ಬಂತು, ತೆರಿಗೆ ಬಾಕಿಗೆ ಹೋಯಿತು, ಮರದ ದಲ್ಲಾಳಿಗಳ ಪಾಲಾಯಿತು. ವೈಟ್ ಅರ್ಥ್ ಅನ್ನುವ ರಿಸರ್ವೇಶನ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ನೆಲ ಹೊರಗಿನವರ ಕೈ ಸೇರಿತು. ಉಳಿದದ್ದನ್ನು ಸರ್ಕಾರ 'ಟ್ರಸ್ಟ್' ಅಂತ ತನ್ನ ಹೆಸರಿನಲ್ಲಿ ಇಟ್ಟುಕೊಂಡಿತು. ಅಂದರೆ ನೆಲ ನಿನ್ನದೇ, ಆದರೆ ಸರ್ಕಾರದ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ. ತಾತ ಸತ್ತಮೇಲೆ ಪಾಲೂ ಆಗುವುದಿಲ್ಲ, ಹೆಸರುಗಳಷ್ಟೇ ಸೇರುತ್ತಾ ಹೋಗುತ್ತವೆ. ಒಂದು ತುಂಡಿಗೆ ನೂರಾರು ವಾರಸುದಾರರು ಇರುವುದು ಅಲ್ಲಿ ಮಾಮೂಲು. ಪೌತಿ ಖಾತೆ ಆಗದೆ ನಾಲ್ಕು ತಲೆಮಾರು ದಾಟಿದ ಪಹಣಿ ಹಿಡಿದು ಒಬ್ಬ ನಿನ್ನ ಮೇಜಿನ ಮುಂದೆ ನಿಂತರೆ ಅಡಿಕೆ ತೋಟಕ್ಕೆ ಸಾಲ ಕೊಡುತ್ತೀಯಾ? ಬೋಜಾ ಕೂರಿಸುವುದು ಯಾರ ಹೆಸರಿಗೆ?

ಇದನ್ನು ಕಣ್ಣೆದುರು ತಂದುಕೊಳ್ಳಲು ಒಂದು ವರ್ಷ ನೆನಪಿಟ್ಟುಕೋ: 1992. ಎರಡನೇ ಮಹಾಯುದ್ಧದಿಂದ ವಾಪಸಾದ ಅಮೆರಿಕದ ಸೈನಿಕರಿಗೆ ಸರ್ಕಾರ ಮನೆ ಸಾಲಕ್ಕೆ ಖಾತರಿ ನಿಂತಿತು. ಇಲ್ಲಿನ ಮಧ್ಯಮ ವರ್ಗ ಮೇಲೆದ್ದದ್ದರಲ್ಲಿ ಆ ಸಾಲದ ಪಾಲು ದೊಡ್ಡದು. ಚಿಪ್ಪೆವಾ ಹುಡುಗರೂ ಆ ಯುದ್ಧದಲ್ಲಿ ಇದ್ದರು. ಆದರೆ ಟ್ರಸ್ಟ್ ನೆಲದ ಮೇಲೆ ಮನೆ ಕಟ್ಟಲು ಆ ಸಾಲ ಸಿಗುತ್ತಿರಲಿಲ್ಲ. ಅದಕ್ಕೆ ಬೇರೆ ಯೋಜನೆ ಬಂದದ್ದು 1992ರಲ್ಲಿ. ಅಷ್ಟರಲ್ಲಿ ಯುದ್ಧಕ್ಕೆ ಹೋದ ಎಷ್ಟೋ ಮಂದಿ ತೀರಿಯೇ ಹೋಗಿದ್ದರು.

ಯುದ್ಧ ಮುಗಿದ ಆ ಕಾಲದಲ್ಲೇ ಮಾಲ್ಟಾದವರ ಮಕ್ಕಳು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಮನೆ ಕೊಳ್ಳುತ್ತಿದ್ದರು. ಅವರಿಗೂ ಏಟು ಬಿದ್ದಿಲ್ಲ ಅಂತಲ್ಲ. 1950ರ ದಶಕದ ಕೊನೆಯಲ್ಲಿ ನಗರಾಡಳಿತ ಕೈಗಾರಿಕಾ ಪ್ರದೇಶ ಮಾಡುತ್ತೇವೆ ಅಂತ ಕಾರ್ಕ್‌ಟೌನ್‌ನ ಎಷ್ಟೋ ಮನೆ ಕೆಡವಿತು. ಆದರೆ ಎದ್ದು ಹೋಗಲು ಇನ್ನೊಂದು ಊರು ಇತ್ತು. ಡಿಯರ್‌ಬಾರ್ನ್‌ನಲ್ಲಿ 1942ರಿಂದ 1978ರವರೆಗೆ ಮೇಯರ್ ಆಗಿದ್ದ ಆರ್ವಿಲ್ ಹಬ್ಬರ್ಡ್ ಕರಿಯರನ್ನು ಊರೊಳಗೆ ಬಿಟ್ಟುಕೊಳ್ಳದೆ ಹೆಸರು ಕೆಡಿಸಿಕೊಂಡವನು. ಮಾಲ್ಟಾದವರು ಅಷ್ಟರಲ್ಲಿ ಬಿಳಿಯರ ಲೆಕ್ಕಕ್ಕೆ ಸೇರಿದ್ದರು. ಮನೆ ಸಿಕ್ಕಿತು, ಮನೆ ಬೆಲೆ ಏರಿತು, ಅದನ್ನು ಅಡ ಇಟ್ಟು ಮಗನನ್ನು ಓದಿಸಿದರು. ಒಂದು ಪೇಟೆ ಕೆಟ್ಟರೆ ಇನ್ನೊಂದು ಪೇಟೆಗೆ ದುಡಿಮೆಯನ್ನು ಹೊತ್ತುಕೊಂಡು ಹೋಗಬಹುದು. ಕೆರೆ ಕಾಡುಗಳನ್ನು ಹಾಗೆ ಹೊತ್ತುಕೊಂಡು ಹೋಗಲು ಆಗುತ್ತದೆಯೇ?

ದುಡಿಯಲಿಲ್ಲ ಅಂದೆಯಲ್ಲ, ಅದಕ್ಕೆ ಇದನ್ನು ಓದು. ಅವರ ಕೆರೆಗಳಲ್ಲಿ ತಾನಾಗಿ ಬೆಳೆಯುವ ಒಂದು ಅಕ್ಕಿ ಇದೆ, ಕಾಡಕ್ಕಿ. ಬೇಸಿಗೆ ಮುಗಿಯುವ ಹೊತ್ತಿಗೆ ಇಬ್ಬರು ಒಂದು ದೋಣಿಯಲ್ಲಿ ಹೋಗುತ್ತಾರೆ. ಹಿಂದೆ ನಿಂತವನು ಉದ್ದ ಗಳದಿಂದ ದೋಣಿ ತಳ್ಳುತ್ತಾನೆ. ಮುಂದೆ ಕೂತವರ ಕೈಯಲ್ಲಿ ಎರಡು ಹಗುರ ಕೋಲು. ಒಂದರಿಂದ ತೆನೆಗಳನ್ನು ದೋಣಿಯ ಮೇಲೆ ಬಾಗಿಸಿಕೊಂಡು ಇನ್ನೊಂದರಿಂದ ಮೆಲ್ಲಗೆ ಸವರಿದರೆ ಬಲಿತ ಕಾಳು ಒಳಗೆ ಉದುರುತ್ತದೆ. ಜೋರಾಗಿ ಬಡಿದರೆ ಗಿಡ ಮುರಿಯುತ್ತದೆ, ಬಲಿಯದ ಕಾಳಿಗಾಗಿ ಆಮೇಲೆ ಮತ್ತೆ ಬರಲು ಆಗುವುದಿಲ್ಲ. ನೀರಿಗೆ ಬಿದ್ದದ್ದು ಮುಂದಿನ ವರ್ಷದ ಬಿತ್ತನೆ. ದಡಕ್ಕೆ ತಂದು ಒಣಗಿಸಿ, ಕಬ್ಬಿಣದ ದೊಡ್ಡ ಪಾತ್ರೆಯಲ್ಲಿ ಹುರಿದು, ಗುಂಡಿಯಲ್ಲಿ ಹಾಕಿ ತುಳಿದು, ಮರದ ತೊಗಟೆಯ ತಟ್ಟೆಯಲ್ಲಿ ಕೇರುತ್ತಾರೆ. ಸೊಂಟ ಬಿದ್ದುಹೋಗುವ ಕೆಲಸ. ಅದನ್ನು ಮಾರಿಯೇ ಎಷ್ಟೋ ಮನೆಗಳಿಗೆ ಶಾಲೆ ಬಟ್ಟೆ, ಚಳಿಗಾಲದ ಖರ್ಚು ನಡೆಯುತ್ತಿತ್ತು. ಆಮೇಲೆ ಅದನ್ನೇ ಗದ್ದೆಯಲ್ಲಿ ಬೆಳೆದು ಯಂತ್ರದಿಂದ ಕೊಯ್ಯುವವರು ಬಂದರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗದ್ದೆಗಳ ಮಾಲು ಪೇಟೆ ತುಂಬಿ ಬೆಲೆ ಇಳಿಯಿತು. ಅಡಿಕೆ ಬೆಳೆಯುವವನಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಈ ಬುಡಕಟ್ಟುಗಳು ನಡೆಸುವ ಕ್ಯಾಸಿನೋ, ಅಂದರೆ ಜೂಜಿನ ಮನೆಗಳ ವಿಷಯ. 'ಜೂಜಿನ ದುಡ್ಡು' ಅಂತ ನೀನು ಮೂಗು ಮುರಿದದ್ದು ಕಾಗದದಲ್ಲೇ ಕಾಣುತ್ತದೆ. ಅದು ಶುರುವಾದ ರೀತಿ ನೋಡು. 1972ರಲ್ಲಿ ಮಿನ್ನೆಸೋಟಾದ ಲೀಚ್ ಲೇಕ್ ರಿಸರ್ವೇಶನ್‌ನಲ್ಲಿ ರಸೆಲ್ ಬ್ರಯಾನ್ ಎಂಬ ಚಿಪ್ಪೆವಾ ತನ್ನ ಹೆಂಡತಿ ಮಕ್ಕಳ ಜೊತೆ ಒಂದು ಟ್ರೇಲರ್ ಮನೆಯಲ್ಲಿದ್ದ. ಇಟಾಸ್ಕಾ ಕೌಂಟಿಯಿಂದ, ಅಂದರೆ ಅಲ್ಲಿನ ಜಿಲ್ಲಾಡಳಿತದಿಂದ, ಅದಕ್ಕೆ ತೆರಿಗೆ ಚೀಟಿ ಬಂತು, 147 ಡಾಲರ್ 95 ಸೆಂಟ್. ಕಟ್ಟಲು ದುಡ್ಡಿರಲಿಲ್ಲ. ಬಡವರಿಗೆ ಪುಕ್ಕಟೆ ಕೇಸು ನಡೆಸುವ ವಕೀಲರ ಹತ್ತಿರ ಹೋದರು. ಕೆಳಗೆ ಸೋತರು, ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಸೋತರು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. ರಿಸರ್ವೇಶನ್ನಿನೊಳಗೆ ರಾಜ್ಯಕ್ಕೆ ಹಾಗೆ ತೆರಿಗೆ ಹಾಕುವ, ಸಾಮಾನ್ಯ ನಿಯಮ ಹೇರುವ ಅಧಿಕಾರ ಇಲ್ಲ ಅಂತ. ಆ ಮಾತಿನ ಎಳೆ ಹಿಡಿದೇ ಬುಡಕಟ್ಟುಗಳು ಬಿಂಗೊ ಅನ್ನುವ ಜೂಜಾಟ ಶುರು ಮಾಡಿದವು, 1987ರಲ್ಲಿ ಅವರ ಜೂಜಿನ ಪರವಾಗಿ ಇನ್ನೊಂದು ತೀರ್ಪು, 1988ರಲ್ಲಿ ಅದಕ್ಕೊಂದು ಕಾನೂನು. ನೂರೈವತ್ತು ಡಾಲರ್ ತುಂಬದ ಒಂದು ಚೀಟಿಯಿಂದ ಕೋಟಿ ಕೋಟಿ ಡಾಲರ್ ವ್ಯವಹಾರ!

ಆದರೆ ಅದೂ ಎಲ್ಲರಿಗೂ ಒಂದೇ ತರ ಇಲ್ಲ. ಮೌಂಟ್ ಪ್ಲೆಸೆಂಟ್ ಊರಿನ ಸಾಗಿನಾ ಚಿಪ್ಪೆವಾಗಳು ಕೆಲವೇ ಸಾವಿರ ಜನ, ಹೆದ್ದಾರಿ ಹತ್ತಿರ, ದೊಡ್ಡ ಕ್ಯಾಸಿನೋ. ಲಾಭದ ಪಾಲು ತಲೆಗೆ ಇಷ್ಟು ಅಂತ ಹಂಚಿದರು, ಆಮೇಲೆ ಯಾರು ನಿಜವಾದ ಸದಸ್ಯ ಅನ್ನುವ ಜಗಳ ಹತ್ತಿ ಕೆಲವರ ಹೆಸರನ್ನೇ ತೆಗೆದುಹಾಕಿದರು. ಉತ್ತರದ ಸೂ ಸೇಂಟ್ ಮೇರಿ ಬುಡಕಟ್ಟಿನಲ್ಲಿ 40 ಸಾವಿರಕ್ಕೂ ಹೆಚ್ಚು ಸದಸ್ಯರು, ತಲೆಗೆ ಹಂಚಿದರೆ ಏನು ಬರುತ್ತದೆ? ಅವರು ಧೈರ್ಯ ಮಾಡಿ 2000ದಲ್ಲಿ ಡೆಟ್ರಾಯಿಟ್ ನಗರದ ನಡುವೆಯೇ ಗ್ರೀಕ್‌ಟೌನ್ ಕ್ಯಾಸಿನೋ ತೆರೆದರು. ಅದು ರಿಸರ್ವೇಶನ್ ಅಲ್ಲವಾದ್ದರಿಂದ ಬೇರೆ ಕಂಪನಿಗಳ ಹಾಗೆಯೇ ತೆರಿಗೆ ಕಟ್ಟಬೇಕಿತ್ತು. ಸಾಲ ಬೆಳೆಯಿತು, 2008ರಲ್ಲಿ ದಿವಾಳಿ ಅರ್ಜಿ, ಕೊನೆಗೆ ಕ್ಯಾಸಿನೋ ಕೈ ತಪ್ಪಿತು. ನಾರ್ತ್ ಡಕೋಟಾದ ಟರ್ಟಲ್ ಮೌಂಟನ್ ಚಿಪ್ಪೆವಾಗಳ ಹತ್ತಿರವೂ ಕ್ಯಾಸಿನೋ ಇದೆ, ಆದರೆ ದೊಡ್ಡ ಊರು ಒಂದೂ ಹತ್ತಿರ ಇಲ್ಲ. ಅಲ್ಲಿಗೆ ಹೋಗಿ ಆಡುವವರು ಯಾರು? ಸುಮಾರು ಒಂದು ಕೋಟಿ ಎಕರೆಗೆ 10 ಲಕ್ಷ ಡಾಲರ್ ಪಡೆದು, ಎಕರೆಗೆ ಹತ್ತು ಸೆಂಟಿನ ಒಪ್ಪಂದ ಅಂತ ಹೆಸರಾದದ್ದು ಅವರದ್ದೇ. ದೇಶದ ಲೆಕ್ಕದಲ್ಲಿ ಈಗಲೂ ಮೂಲನಿವಾಸಿಗಳಲ್ಲಿ ಬಡತನದ ಪ್ರಮಾಣ ಒಟ್ಟು ಸರಾಸರಿಯ ಸುಮಾರು ಎರಡರಷ್ಟು.

ಜೂಜು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬ್ಯಾಂಕು ಸಾಲ ಕೊಡದ ನೆಲದ ಮೇಲೆ ಬೇರೆ ಯಾವ ವ್ಯಾಪಾರಕ್ಕೆ ಅಷ್ಟು ಬೇಗ ಬಂಡವಾಳ ಹುಟ್ಟುತ್ತಿತ್ತು, ಅದನ್ನು ಹೇಳು. ಮಿಶಿಗನ್‌ನ ಒಪ್ಪಂದಗಳ ಪ್ರಕಾರ ಸ್ಲಾಟ್ ಯಂತ್ರದ ಆದಾಯದಲ್ಲಿ ನೂರಕ್ಕೆ ಎರಡು ಸುತ್ತಲಿನ ಸ್ಥಳೀಯ ಆಡಳಿತಗಳಿಗೆ ಹೋಗುತ್ತದೆ. ಮೌಂಟ್ ಪ್ಲೆಸೆಂಟ್‌ನಲ್ಲಿ 1893ರಿಂದ 1934ರವರೆಗೆ ಚಿಪ್ಪೆವಾ ಮಕ್ಕಳನ್ನು ಮನೆಯಿಂದ ದೂರ ಇಟ್ಟು ಹೊಲಿಗೆ, ಹೊಲದ ಕೆಲಸ ಕಲಿಸುವ ಸರ್ಕಾರಿ ವಸತಿ ಶಾಲೆ ಇತ್ತು. ಇವತ್ತು ಅದೇ ಕೌಂಟಿಯ ಶಾಲೆಗಳು ಆ ಎರಡು ಪರ್ಸೆಂಟಿಗೆ ಬುಡಕಟ್ಟಿನ ಕಚೇರಿಗೆ ಅರ್ಜಿ ಹಾಕುತ್ತವೆ.

ನೀನು ಒಪ್ಪದಿದ್ದರೆ ಬರೆ, ಸುಮ್ನೆ ಫೋನಿನಲ್ಲಿ ಕೂಗಾಡಬೇಡ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ. ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಯಾರಾದರೂ ಬರುವವರಿದ್ದರೆ ಕೊಟ್ಟು ಕಳಿಸು.

ಇಂತಿ ನಿನ್ನ,
ರಾಘು