ಗೆಳೆಯನಿಗೊಂದು ಪತ್ರ: ಎಲ್‌ಎಲ್‌ಎಂಗೆ ಹೊರಡುವ ಮುಂಚೆ

ಪ್ರಿಯ ಗೆಳೆಯಾ,

ಅಮೆರಿಕದಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಿದರೆ ಅಲ್ಲೇ ವಕೀಲಿಕೆ ಮಾಡಬಹುದಾ ಅಂತ ಕೇಳಿದ್ದೀಯ. ರಾಜ್ಯಕ್ಕೊಂದು ನಿಯಮ ಮಾರಾಯ. ನ್ಯೂಯಾರ್ಕಿನದು ಹೇಳುತ್ತೇನೆ. ನಮ್ಮಂಥ ಕಾಮನ್ ಲಾ ದೇಶದವರ, ಅಂದರೆ ಇಂಗ್ಲಿಷ್ ಮೂಲದ ಕಾನೂನು ಪದ್ಧತಿ ಇರುವ ದೇಶದವರ, ಕಾನೂನು ಪದವಿಯ ಅವಧಿಯೂ ಪಠ್ಯವೂ ಅವರ ಲೆಕ್ಕಕ್ಕೆ ಹೊಂದಿದರೆ ಎಲ್‌ಎಲ್‌ಎಂ ಇಲ್ಲದೆಯೇ ಬಾರ್ ಪರೀಕ್ಷೆಗೆ (ವಕೀಲಿಕೆಯ ಪರವಾನಗಿ ಪರೀಕ್ಷೆ) ಕೂರಬಹುದು. ಎರಡರಲ್ಲೊಂದು ಕಡಿಮೆ ಬಿದ್ದರೆ ಅದನ್ನು ತುಂಬಿಕೊಳ್ಳಲು 24 ಕ್ರೆಡಿಟ್‌ನ ಎಲ್‌ಎಲ್‌ಎಂ. ಹಾಗಾಗಿ ಮೊದಲು ಆ ಪರೀಕ್ಷೆ ನಡೆಸುವ ಅಲ್ಲಿನ ಬೋರ್ಡ್ ಆಫ್ ಲಾ ಎಕ್ಸಾಮಿನರ್ಸ್‌ಗೆ ನಿನ್ನ ಕಾಗದಪತ್ರ ಕಳಿಸು, ಫೀಸಿನ ಮಾತು ಆಮೇಲೆ. ಈ ಸಂಗತಿಯನ್ನು ಕನ್ಸಲ್ಟೆನ್ಸಿಯವರು ತಾವಾಗಿ ಬಾಯಿಬಿಡುವುದು ಅಪರೂಪ!

ಓದು ಮುಗಿದ ಮೇಲೆ ಕೆಲಸ ಮಾಡಲು ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಸಿಗುವ ಕೆಲಸದ ಅನುಮತಿ, 12 ತಿಂಗಳು. ಎಂಜಿನಿಯರುಗಳಿಗೆ ಅದರ ಮೇಲೆ ಸಿಗುವ ಎರಡು ವರ್ಷ ನಮಗಿಲ್ಲ. ಮೇನಲ್ಲಿ ಪದವಿ, ಜುಲೈನಲ್ಲಿ ಎರಡು ದಿನದ ಪರೀಕ್ಷೆ, ಫಲಿತಾಂಶ ಕಾಯುವುದರಲ್ಲೇ ಆ ವರ್ಷ ಕರಗತೊಡಗುತ್ತದೆ. ವಕೀಲರ ಫರ್ಮುಗಳು ಮೂರು ವರ್ಷದ ಜೆಡಿ (ಅಮೆರಿಕದ ಮೂಲ ಕಾನೂನು ಪದವಿ) ಮಾಡಿದವರನ್ನೇ ಮೊದಲು ಕರೆಯುತ್ತವೆ. ಕೆಲಸವೊಂದನ್ನೇ ನೆಚ್ಚಿ ಜಮೀನು ಅಡವಿಡಬೇಡ.

ಓದಿಗಾಗಿಯೇ ಆದರೆ, ಬಾ. ಹಾರ್ವರ್ಡಿನ ಲ್ಯಾಂಗ್ಡೆಲ್ 1870ರಲ್ಲಿ ಶುರುಮಾಡಿದ ಕೇಸ್ ಪದ್ಧತಿಯೇ, ಅಂದರೆ ತೀರ್ಪುಗಳನ್ನೇ ಓದಿ ಚರ್ಚಿಸಿ ಕಾನೂನು ಕಲಿಯುವುದೇ, ಇಲ್ಲಿ ಇವತ್ತಿಗೂ ಬುನಾದಿ. ನೋಟ್ಸ್ ಬರೆಸುವವರಿಲ್ಲ. ಪ್ರೊಫೆಸರ್ ಮುನ್ಸೂಚನೆಯಿಲ್ಲದೆ ನಿನ್ನ ಹೆಸರು ಕೂಗುತ್ತಾರೆ. 1928ರ ಪಾಲ್ಸ್‌ಗ್ರಾಫ್ ಕೇಸನ್ನೇ ತಗೋ. ಹೊರಟ ರೈಲಿಗೆ ಒಬ್ಬ ಹಾರುತ್ತಾನೆ, ಗಾರ್ಡುಗಳು ಅವನನ್ನು ಹತ್ತಿಸಲು ಹೋಗಿ ಕಂಕುಳಲ್ಲಿದ್ದ ಪೊಟ್ಟಣ ಬೀಳುತ್ತದೆ. ಒಳಗೆ ಪಟಾಕಿ! ಸಿಡಿದ ರಭಸಕ್ಕೆ ಪ್ಲಾಟ್‌ಫಾರ್ಮಿನ ಆ ಕಡೆಯಿದ್ದ ತಕ್ಕಡಿ ಉರುಳಿ ಒಬ್ಬ ಹೆಂಗಸಿಗೆ ಪೆಟ್ಟು. ರೈಲ್ವೆ ಹೊಣೆಯೇ? ನ್ಯಾಯಮೂರ್ತಿ ಕಾರ್ಡೋಜೊ ಇಲ್ಲ ಅಂದರು, ಅದೂ 4–3ರ ಬಹುಮತದಲ್ಲಿ. ನೀನು ಅದನ್ನು ಒಪ್ಪಿಸಿ ಕೂರುವಷ್ಟರಲ್ಲಿ ಪ್ರೊಫೆಸರ್ ಕೇಳುತ್ತಾರೆ, 'ಪೊಟ್ಟಣದ ಮೇಲೆ ಪಟಾಕಿ ಅಂತ ಬರೆದಿದ್ದರೆ?', 'ಆಕೆ ಪಕ್ಕದಲ್ಲೇ ನಿಂತಿದ್ದರೆ?' ಉತ್ತರ ಹೇಳಿದಂತೆಲ್ಲ ಇನ್ನೊಂದು ಪ್ರಶ್ನೆ. ನಮ್ಮ ಕಾಲೇಜಿನಲ್ಲಿ ಸೆಕ್ಷನ್ ನಂಬರ್ ಉರುಹೊಡೆದವರಿಗೆ ಮೊದಮೊದಲು ಬೆವರಿಳಿಯುತ್ತದೆ.

ಸಂವಿಧಾನದ ಪೇಪರ್ ಮಾತ್ರ ಬಿಡಬೇಡ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಬಂದು ಇಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ಚುನಾಯಿತ ಶಾಸಕಾಂಗ ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕಲು 'ಡ್ಯೂ ಪ್ರೊಸೆಸ್' (ನ್ಯಾಯಯುತ ಪ್ರಕ್ರಿಯೆ) ಅನ್ನುವ ಪದ ದಾರಿಮಾಡಿಕೊಡುತ್ತದೆ, ಅದು ಬೇಡ ಅಂದರು ಫ್ರಾಂಕ್‌ಫರ್ಟರ್. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ ನಮ್ಮ 21ನೇ ವಿಧಿಯಲ್ಲಿ ಆ ಪದ ಕಾಣದಿರುವುದರ ಹಿಂದೆ ಈ ಭೇಟಿಯ ಪಾಲೂ ಇದೆ. ಕಾನೂನಿನ ಪ್ರಕ್ರಿಯೆ ನ್ಯಾಯಯುತವಾಗಿಯೂ ಇರಬೇಕು ಅಂದ ನಮ್ಮ ಸುಪ್ರೀಂ ಕೋರ್ಟಿನ 1978ರ ಮೇನಕಾ ಗಾಂಧಿ ತೀರ್ಪು ಹೆಚ್ಚುಕಡಿಮೆ ಅದನ್ನೇ ಹಿತ್ತಿಲ ಬಾಗಿಲಿಂದ ಒಳಗೆ ಕರೆಯಿತು ಅನ್ನೋದು ನನ್ನ ಅಭಿಪ್ರಾಯ. ನೀನು ಜಗಳಕ್ಕೆ ಬರುತ್ತೀಯ ಅಂತಲೂ ಗೊತ್ತು. ಆ ಜಗಳವನ್ನು ಅಮೆರಿಕದ ತೀರ್ಪುಗಳ ಮೂಲ ಓದಿಕೊಂಡು ಆಡುವ ಖುಷಿಯೇ ಬೇರೆ.

ನಿನ್ನ ಎಸ್‌ಒಪಿ, ಅಂದರೆ ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪ್ರಬಂಧದ, ಕರಡು ಕಳಿಸು. 'ಚಿಕ್ಕಂದಿನಿಂದಲೂ ನ್ಯಾಯಕ್ಕಾಗಿ ಹೋರಾಡುವ ಹಂಬಲ' ಅಂತ ಮಾತ್ರ ಶುರುಮಾಡಬೇಡ. ಆ ಇನಾಂ ಜಮೀನಿನ ಕೇಸಿದೆಯಲ್ಲ, ಅದರಿಂದಲೇ ಶುರುಮಾಡು.

ನಿನ್ನವ